ಬಸ್ಸಿನ ಹಿಂದಿನ ಗಾಜಿಗೇ ಯಾಕೆ ಅಷ್ಟು ಧೂಳು? ಗಾಳಿಯ ಗುಟ್ಟು ಬಿಡಿಸಿದ ಲುಡ್ವಿಗ್ ಪ್ರಾಂಟಲ್ ಕಥೆ

ಬಾಣಾವರದಿಂದ ಜಾವಗಲ್ ಮೇಲೆ ಹಳೇಬೀಡಿನ ಕಡೆ ಹೋಗುವ ಯಾವುದಾದರೂ ಬಸ್ಸನ್ನು ಬೇಸಿಗೆಯಲ್ಲಿ ಒಮ್ಮೆ ಸರಿಯಾಗಿ ನೋಡಿ. ಗಾಳಿಗೆ ಎದೆಯೊಡ್ಡುವುದು ಮುಂದಿನ ಗಾಜು. ಆದರೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಮೆತ್ತಿಕೊಳ್ಳುವುದು ಹಿಂದಿನ ಗಾಜಿಗೆ. ಮುಂದೆ ವೈಪರ್ ಇದೆಯಲ್ಲ, ಅದಕ್ಕೇ ಇರಬೇಕು ಎನ್ನಬೇಡಿ. ಪಕ್ಕದ ಕಿಟಕಿಗಳಿಗೆ ವೈಪರ್ ಇಲ್ಲ, ಆದರೂ ಅವು ಹಿಂಬದಿಯಷ್ಟು ಕೊಳೆಯಾಗುವುದಿಲ್ಲ.

ಬಸ್ಸು ಮುಂದಕ್ಕೆ ಓಡುವಾಗ ಧೂಳು ಹಿಂದೆಯೇ ಉಳಿದುಬಿಡಬೇಕಲ್ಲವೇ? ಅದು ಬಸ್ಸನ್ನೇ ಬೆನ್ನಟ್ಟಿ ಬಂದು ಅಂಟಿಕೊಳ್ಳುವುದೇಕೆ?

ಉತ್ತರ ಸರಳವಾಗಿದೆ. ಓಡುವ ಬಸ್ಸಿನ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿರುತ್ತದೆ. ಅಲ್ಲಿ ಗಾಳಿ ಸುಳಿಸುಳಿಯಾಗಿ ತಿರುಗುತ್ತಾ ಧೂಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಧೂಳನ್ನು ಎಳೆಯುವ ಆ ಕಡಿಮೆ ಒತ್ತಡವೇ ಬಸ್ಸನ್ನೂ ಹಿಂದಕ್ಕೆ ಎಳೆಯುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಓಡುವ ಬಸ್ಸು, ಲಾರಿಗಳು ಸುಡುವ ಡೀಸೆಲ್‌ನಲ್ಲಿ ಒಂದು ದೊಡ್ಡ ಪಾಲು ಈ ಎಳೆತದ ವಿರುದ್ಧ ಹೋರಾಡುವುದಕ್ಕೇ ಖರ್ಚಾಗುತ್ತದೆ.

ಮೈಲೇಜ್ ಹೆಚ್ಚಿಸುವ ಉಪಾಯ ಎಂದು ಮೊಬೈಲಿಗೆ ಬರುವ ಎಷ್ಟೋ ಫಾರ್ವರ್ಡ್‌ಗಳು ಈ ಎಳೆತದ ಸುತ್ತಲೇ ಇರುತ್ತವೆ. ಅವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ತಿಳಿಯಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ ಹೋಗಿ ಜರ್ಮನಿಯ ಒಬ್ಬ ಮೇಷ್ಟ್ರನ್ನು ಭೇಟಿ ಮಾಡಬೇಕು. ಅವರ ಹೆಸರು ಲುಡ್ವಿಗ್ ಪ್ರಾಂಟಲ್. ಅವರ ವಿದ್ಯೆ ಬೆಂಗಳೂರಿಗೂ ಬಂದಿದೆ. ಆ ಕಥೆ ಮುಂದೆ ಇದೆ.

ನೀರನ್ನು ನೋಡುತ್ತಾ ಬೆಳೆದ ಹುಡುಗ

ಪ್ರಾಂಟಲ್ ಹುಟ್ಟಿದ್ದು 1875ರ ಫೆಬ್ರವರಿ 4ರಂದು, ಮ್ಯೂನಿಕ್ ನಗರದ ಹತ್ತಿರದ ಫ್ರೈಸಿಂಗ್ ಎಂಬ ಊರಿನಲ್ಲಿ. ತಂದೆ ಕೃಷಿ ಕಾಲೇಜಿನಲ್ಲಿ ಮೇಷ್ಟ್ರು. ತಾಯಿಗೆ ದೀರ್ಘಕಾಲದ ಕಾಯಿಲೆ. ಹೀಗಾಗಿ ಹುಡುಗ ಹೆಚ್ಚು ಸಮಯ ಕಳೆದದ್ದು ತಂದೆಯ ಜೊತೆ. ಕಣ್ಣಿಗೆ ಬಿದ್ದದ್ದನ್ನು ಸುಮ್ಮನೆ ಬಿಡಬೇಡ, ಯಾಕೆ ಹಾಗಾಯಿತು ಎಂದು ಯೋಚಿಸು ಎಂಬ ಪಾಠ ಅಲ್ಲಿಂದಲೇ ಬಂತು.

ಮ್ಯೂನಿಕ್‌ನಲ್ಲಿ ಆಗಸ್ಟ್ ಫೋಪಲ್ ಎಂಬ ಹೆಸರಾಂತ ಪ್ರಾಧ್ಯಾಪಕರ ಬಳಿ ಯಂತ್ರಶಾಸ್ತ್ರ ಕಲಿತರು. ಡಾಕ್ಟರೇಟ್ ಪಡೆದದ್ದು ಗಾಳಿಯ ಬಗ್ಗೆ ಅಲ್ಲ, ಭಾರ ಹೊತ್ತ ತೊಲೆ ಪಕ್ಕಕ್ಕೆ ವಾಲುವುದರ ಬಗ್ಗೆ. ಗಾಳಿಯ ವಿಷಯ ಅವರ ಬಾಳಿಗೆ ಬಂದದ್ದು ಒಂದು ಕಾರ್ಖಾನೆಯ ಕಸದಿಂದ!

1900ರಲ್ಲಿ ಅವರು ನ್ಯೂರೆಂಬರ್ಗ್‌ನ ಒಂದು ಯಂತ್ರ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ಸೇರಿದರು. ಮರ ಕೊರೆಯುವಾಗ ಬೀಳುವ ಹೊಟ್ಟನ್ನು ಗಾಳಿಯಿಂದ ಹೀರಿ ಹೊರಗೆ ಹಾಕುವ ಕೊಳವೆ ವ್ಯವಸ್ಥೆ ಅಲ್ಲಿತ್ತು. ಅದನ್ನು ಸುಧಾರಿಸುವ ಕೆಲಸ ಇವರ ಪಾಲಿಗೆ ಬಂತು. ಪುಸ್ತಕದ ಲೆಕ್ಕದ ಪ್ರಕಾರ, ಕೊಳವೆಯನ್ನು ನಿಧಾನವಾಗಿ ಅಗಲ ಮಾಡುತ್ತಾ ಹೋದರೆ ಗಾಳಿಯ ವೇಗ ಇಳಿದು ಒತ್ತಡ ಏರಬೇಕು. ಪ್ರಾಂಟಲ್ ಹಾಗೆಯೇ ಮಾಡಿದರು. ಒತ್ತಡ ಲೆಕ್ಕದಷ್ಟು ಏರಲಿಲ್ಲ. ನೋಡಿದರೆ, ಗಾಳಿ ಕೊಳವೆಯ ಗೋಡೆಯನ್ನು ಹಿಡಿದು ಹರಿಯುವ ಬದಲು ಮಧ್ಯದಲ್ಲೇ ಗೋಡೆ ಬಿಟ್ಟು ನೇರ ನುಗ್ಗುತ್ತಿತ್ತು.

ಕೊಳವೆಯನ್ನು ಹೇಗೋ ಸರಿಮಾಡಿದರು, ಯಂತ್ರವೂ ಚೆನ್ನಾಗಿ ಕೆಲಸ ಮಾಡಿತು. ಬೇರೆಯವರಾಗಿದ್ದರೆ ಅಲ್ಲಿಗೆ ಮರೆಯುತ್ತಿದ್ದರು. ಇವರು ಮರೆಯಲಿಲ್ಲ. 1901ರಲ್ಲಿ ಹ್ಯಾನೋವರ್‌ನಲ್ಲಿ ಪ್ರಾಧ್ಯಾಪಕರಾದ ಮೇಲೂ ಗಾಳಿ ಗೋಡೆ ಬಿಟ್ಟದ್ದು ಯಾಕೆ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ.

ಲೆಕ್ಕ ಸರಿ, ಉತ್ತರ ಮಾತ್ರ ಸೊನ್ನೆ

ಆ ಕಾಲದಲ್ಲಿ ಗಾಳಿ, ನೀರಿನ ಹರಿವಿನ ಗಣಿತ ಒಂದು ವಿಚಿತ್ರ ಇಕ್ಕಟ್ಟಿನಲ್ಲಿತ್ತು. 1752ರಷ್ಟು ಹಿಂದೆಯೇ ಫ್ರಾನ್ಸಿನ ದಲಂಬೇರ್ ಎಂಬ ಗಣಿತಜ್ಞ ಒಂದು ಲೆಕ್ಕ ಮಾಡಿ ತೋರಿಸಿದ್ದರು. ಗಾಳಿಗೆ ಅಂಟುತನವೇ ಇಲ್ಲ ಎಂದುಕೊಂಡರೆ, ಅದರೊಳಗೆ ಒಂದೇ ವೇಗದಲ್ಲಿ ಸಾಗುವ ವಸ್ತುವಿಗೆ ಎಳೆತವೇ ಇರಬಾರದು, ಉತ್ತರ ಸೊನ್ನೆ ಬರುತ್ತದೆ. ಆದರೆ ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಿದ ಮಗುವಿಗೂ ಗೊತ್ತು, ಎಳೆತ ಸೊನ್ನೆಯಲ್ಲ ಎಂದು!

ಅಂಟುತನವನ್ನು ಸೇರಿಸಿ ಲೆಕ್ಕ ಮಾಡೋಣವೆಂದರೆ ಸಮೀಕರಣಗಳು ಯಾರ ಕೈಗೂ ಬಗ್ಗುತ್ತಿರಲಿಲ್ಲ. ಅಲ್ಲದೆ ಗಾಳಿಯ ಅಂಟುತನ ಅತಿ ಕಡಿಮೆ. ಅಷ್ಟು ಅಲ್ಪವಾದದ್ದು ಅಷ್ಟು ದೊಡ್ಡ ಎಳೆತವನ್ನು ಹೇಗೆ ಹುಟ್ಟಿಸುತ್ತದೆ?

1904ರ ಆಗಸ್ಟ್‌ನಲ್ಲಿ ಹೈಡಲ್‌ಬರ್ಗ್ ನಗರದಲ್ಲಿ ಜಗತ್ತಿನ ಗಣಿತಜ್ಞರ ಸಮ್ಮೇಳನ ನಡೆಯಿತು. 29 ವರ್ಷದ ಪ್ರಾಂಟಲ್‌ಗೆ ಸಿಕ್ಕದ್ದು ಸುಮಾರು ಹತ್ತು ನಿಮಿಷ. ಮರುವರ್ಷ ಅಚ್ಚಾದ ಲೇಖನ ಎಂಟೇ ಪುಟ. ಅಷ್ಟರಲ್ಲಿ ಅವರು ಆ ಗಂಟನ್ನು ಬಿಡಿಸಿದ್ದರು.

ಅವರು ಹೇಳಿದ್ದರ ಸಾರ ಇಷ್ಟು. ವಸ್ತುವಿನ ಮೈಗೆ ತಾಗಿದ ಗಾಳಿ ಜಾರುವುದಿಲ್ಲ, ಅಂಟಿಕೊಂಡು ನಿಲ್ಲುತ್ತದೆ. ಸ್ವಲ್ಪ ದೂರದಲ್ಲಿ ಗಾಳಿ ಪೂರ್ಣ ವೇಗದಲ್ಲಿ ಹರಿಯುತ್ತದೆ. ಇವೆರಡರ ನಡುವೆ ಒಂದು ತೆಳ್ಳನೆಯ ಪದರವಿದೆ. ಅಂಟುತನದ ಆಟವೆಲ್ಲ ಆ ಪದರದೊಳಗೆ. ಅದರ ಆಚೆಗೆ ಅಂಟುತನವನ್ನು ಮರೆತರೂ ನಡೆಯುತ್ತದೆ. ಇದಕ್ಕೆ ಗಡಿಪದರ ಎಂಬ ಹೆಸರು ನಿಂತಿತು.

ಇದು ಎಷ್ಟು ತೆಳು? ಓಡುವ ಬಸ್ಸಿನ ಮುಂಭಾಗದಲ್ಲಿ ಕೆಲವೇ ಮಿಲಿಮೀಟರ್. ಹತ್ತು ಮೀಟರ್ ಹಿಂದೆ, ಬಸ್ಸಿನ ಬಾಲದ ಹತ್ತಿರ, ಸುಮಾರು ಅರ್ಧ ಗೇಣು. ವೇಗವಾಗಿ ಬರುವ ಕ್ರಿಕೆಟ್ ಚೆಂಡಿನ ಮುಂಭಾಗದಲ್ಲಾದರೆ ಒಂದು ಮಿಲಿಮೀಟರ್ ಕೂಡ ಇಲ್ಲ.

ಹರಿವು ಮೈ ಬಿಡುವುದು ಎಂದರೆ

ಗುಂಡನೆಯ ಕಂಬವೊಂದನ್ನು ಹರಿಯುವ ನೀರಿನಲ್ಲಿ ನಿಲ್ಲಿಸಿದ್ದೀರಿ ಎಂದುಕೊಳ್ಳಿ. ನೀರು ಕಂಬದ ಮುಂಭಾಗಕ್ಕೆ ಬಡಿದು, ಎರಡೂ ಪಕ್ಕದಿಂದ ಬಳಸಿಕೊಂಡು, ಹಿಂದೆ ಮತ್ತೆ ಕೂಡಿಕೊಳ್ಳಬೇಕು. ಅಗಲವಾದ ಭಾಗ ದಾಟಿ ಹಿಂದಕ್ಕೆ ಹೋಗುವುದೆಂದರೆ ಕಡಿಮೆ ಒತ್ತಡದಿಂದ ಹೆಚ್ಚು ಒತ್ತಡದ ಕಡೆ ಹೋಗುವುದು. ಅದು ಏರು ಹತ್ತಿದಂತೆ.

ಹೊರಗಿನ ನೀರಿಗೆ ವೇಗವಿದೆ, ಅದು ಏರು ಹತ್ತಬಲ್ಲದು. ಮೈಗೆ ತಾಗಿದ ಪದರದ ನೀರು ಉಜ್ಜಿ ಉಜ್ಜಿ ಸುಸ್ತಾಗಿದೆ. ಏರಿನ ಅರ್ಧದಲ್ಲಿ ಅದು ನಿಂತುಬಿಡುತ್ತದೆ, ಆಮೇಲೆ ಹಿಂದಕ್ಕೇ ತಿರುಗುತ್ತದೆ. ಆಗ ಮೇಲಿನ ಹರಿವು ಮೈಯಿಂದ ಕಳಚಿಕೊಂಡು ದೂರ ಸರಿಯುತ್ತದೆ. ಕಂಬದ ಬೆನ್ನ ಹಿಂದೆ ಉಳಿಯುವುದು ಸುಳಿಗಳ ಗೊಂದಲ ಮತ್ತು ಕಡಿಮೆ ಒತ್ತಡ. ಮುಂದೆ ತಳ್ಳುವ ಹೆಚ್ಚು ಒತ್ತಡ, ಹಿಂದೆ ಎಳೆಯುವ ಕಡಿಮೆ ಒತ್ತಡ, ಎರಡೂ ಸೇರಿದರೆ ಎಳೆತ. ಕಂಬ, ಚೆಂಡು, ಬಸ್ಸು, ಲಾರಿಯಂಥ ಮೊಂಡು ಆಕಾರಗಳಿಗೆ ಇದೇ ದೊಡ್ಡ ಶತ್ರು.

ಪ್ರಾಂಟಲ್ ಇದನ್ನು ಬರೀ ಕಾಗದದ ಮೇಲೆ ಹೇಳಲಿಲ್ಲ. ಒಂದು ನೀರಿನ ತೊಟ್ಟಿ ಕಟ್ಟಿಸಿದ್ದರು. ಕೈಯಿಂದ ಚಕ್ರ ತಿರುಗಿಸಿದರೆ ನೀರು ಸುತ್ತು ಹಾಕುತ್ತಿತ್ತು. ನೀರಿನಲ್ಲಿ ಹೊಳೆಯುವ ಖನಿಜದ ಪುಡಿ ಬೆರೆಸಿ, ಹರಿವಿನ ಚಿತ್ರ ತೆಗೆದು ಸಮ್ಮೇಳನದಲ್ಲಿ ತೋರಿಸಿದರು.

ಅದರಲ್ಲೊಂದು ಪ್ರಯೋಗ ನಮ್ಮ ಕಥೆಗೆ ಬಹಳ ಮುಖ್ಯ. ಒಂದು ಟೊಳ್ಳು ಕಂಬದ ಒಂದು ಪಕ್ಕದಲ್ಲಿ ಸಣ್ಣ ಸೀಳು ಮಾಡಿ, ಅದರ ಮೂಲಕ ಸ್ವಲ್ಪ ನೀರನ್ನು ಒಳಕ್ಕೆ ಹೀರಿದರು. ಸುಸ್ತಾದ ಪದರವೇ ಒಳಗೆ ಹೋಯಿತು. ಏನಾಯಿತು ಗೊತ್ತೇ? ಆ ಪಕ್ಕದಲ್ಲಿ ಹರಿವು ಮೈ ಬಿಡದೆ, ಕಂಬದ ಬೆನ್ನನ್ನು ತಬ್ಬಿಕೊಂಡು ಹರಿಯಿತು. ಕಂಬದ ಆಕಾರ ಬದಲಾಗಲಿಲ್ಲ. ಚೂರು ನೀರನ್ನು ಸರಿಯಾದ ಜಾಗದಲ್ಲಿ ಎಳೆದುಕೊಂಡದ್ದಷ್ಟೇ.

ಹೊರಗಿನಿಂದ ಸ್ವಲ್ಪ ಶಕ್ತಿ ಕೊಟ್ಟು, ಹೀರಿಯೋ ಊದಿಯೋ, ಹರಿವನ್ನು ನಮಗೆ ಬೇಕಾದಂತೆ ತಿದ್ದುವುದಕ್ಕೆ ಇವತ್ತು ಸಕ್ರಿಯ ಹರಿವು ನಿಯಂತ್ರಣ ಎನ್ನುತ್ತಾರೆ. ಅದರ ಹುಟ್ಟು ಈ ಸೀಳಿನಲ್ಲಿದೆ.

ಗಣಿತಜ್ಞ ಫೆಲಿಕ್ಸ್ ಕ್ಲೈನ್ ಈ ಯುವಕನ ಬೆಲೆ ಅರಿತು ಅದೇ ವರ್ಷ ಗ್ಯೋಟಿಂಗೆನ್ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಪ್ರಾಂಟಲ್ ಉಳಿದ ಬದುಕನ್ನೆಲ್ಲ ಅಲ್ಲೇ ಕಳೆದರು.

ತಪ್ಪು ಯಾರದು? ಐಫೆಲ್ ಜೊತೆಗಿನ ಜಗಳ

ಫಾರ್ವರ್ಡ್ ಮಾಡುವ ನಮಗೆಲ್ಲ ಪಾಠವಾಗುವ ಘಟನೆ ಇದು.

ಗ್ಯೋಟಿಂಗೆನ್‌ನಲ್ಲಿ ಪ್ರಾಂಟಲ್ 1908ರ ಹೊತ್ತಿಗೆ ಗಾಳಿ ಸುರಂಗ ಕಟ್ಟಿಸಿದ್ದರು. ದೊಡ್ಡ ಫ್ಯಾನ್ ಬೀಸುವ ಗಾಳಿ ಸುರಂಗದೊಳಗೆ ಸುತ್ತು ಹಾಕುತ್ತದೆ, ಮಧ್ಯದಲ್ಲಿ ಇಟ್ಟ ಮಾದರಿಯ ಮೇಲೆ ಬೀಳುವ ಎಳೆತವನ್ನು ಅಳೆಯಬಹುದು. ಇತ್ತ ಪ್ಯಾರಿಸ್‌ನಲ್ಲಿ ಗೋಪುರ ಕಟ್ಟಿ ಹೆಸರಾಗಿದ್ದ ಗುಸ್ತಾವ್ ಐಫೆಲ್ ಇಳಿವಯಸ್ಸಿನಲ್ಲಿ ಇದೇ ಹುಚ್ಚು ಹಿಡಿಸಿಕೊಂಡು ತಮ್ಮದೇ ಸುರಂಗ ಕಟ್ಟಿಸಿದ್ದರು.

ಇಬ್ಬರೂ ಗೋಲದ ಎಳೆತ ಅಳೆದರು. ಉತ್ತರ ಮಾತ್ರ ಒಂದಾಗಲಿಲ್ಲ. ಐಫೆಲ್ ಕೊಟ್ಟ ಅಂಕಿ ಗ್ಯೋಟಿಂಗೆನ್‌ನ ಅಂಕಿಯ ಅರ್ಧದಷ್ಟೂ ಇರಲಿಲ್ಲ. 1912ರಲ್ಲಿ ಗ್ಯೋಟಿಂಗೆನ್ ಕಡೆಯವರು, ಐಫೆಲ್ ಲೆಕ್ಕದಲ್ಲಿ ಎಲ್ಲೋ ಎರಡರಿಂದ ಗುಣಿಸುವುದು ಬಿಟ್ಟುಹೋಗಿರಬಹುದು ಎಂಬ ಸಂಶಯವನ್ನು ಅಚ್ಚಿನಲ್ಲೇ ಹೇಳಿಬಿಟ್ಟರು.

ಐಫೆಲ್ ವಾದಕ್ಕೆ ಇಳಿಯಲಿಲ್ಲ. ಮತ್ತೆ ಅಳೆದರು, ಈ ಸಲ ಬೇರೆ ಬೇರೆ ವೇಗದಲ್ಲಿ. ಆಗ ಹೊರಬಿದ್ದ ಸಂಗತಿ ಯಾರೂ ಎಣಿಸದ್ದು. ಕಡಿಮೆ ವೇಗದಲ್ಲಿ ಗ್ಯೋಟಿಂಗೆನ್ ಅಂಕಿಯೇ ಸರಿ. ಒಂದು ಮಟ್ಟದ ವೇಗ ದಾಟಿದರೆ ಎಳೆತದ ಗುಣಾಂಕ ದಿಢೀರನೆ ಕುಸಿಯುತ್ತದೆ, ಆಗ ಐಫೆಲ್ ಅಂಕಿ ಸರಿ. ಇಬ್ಬರೂ ಸತ್ಯವನ್ನೇ ಅಳೆದಿದ್ದರು, ಆದರೆ ಬೇರೆ ಬೇರೆ ವೇಗದಲ್ಲಿ.

ಪ್ರಾಂಟಲ್ ಮುನಿಸಿಕೊಳ್ಳಲಿಲ್ಲ, ಕಾರಣ ಹುಡುಕಿದರು. ವೇಗ ಹೆಚ್ಚಾದಾಗ ಗಡಿಪದರ ಶಾಂತವಾಗಿ ಹರಿಯುವುದನ್ನು ಬಿಟ್ಟು ಕಲಕಿಹೋಗುತ್ತದೆ. ಕಲಕಿದಾಗ ಹೊರಗಿನ ವೇಗದ ಗಾಳಿ ಒಳಗೆ ಬೆರೆತು, ಸುಸ್ತಾದ ಪದರಕ್ಕೆ ಕಸುವು ತುಂಬುತ್ತದೆ. ಹರಿವು ಗೋಲದ ಬೆನ್ನನ್ನು ಇನ್ನಷ್ಟು ದೂರ ಹಿಡಿದುಕೊಳ್ಳುತ್ತದೆ, ಸುಳಿಗಳ ಜಾಗ ಕಿರಿದಾಗುತ್ತದೆ, ಎಳೆತ ಇಳಿಯುತ್ತದೆ.

ಇದು ನಿಜವೇ ಎಂದು ನೋಡಲು 1914ರಲ್ಲಿ ಅವರು ಮಾಡಿದ ಪರೀಕ್ಷೆ ಬಹಳ ಸರಳ. ನುಣುಪಾದ ಗೋಲದ ಮುಂಭಾಗಕ್ಕೆ ಬಳೆಯಂತೆ ಒಂದು ತೆಳು ತಂತಿ ಸುತ್ತಿದರು. ತಂತಿ ತಡವಿದ ಪದರ ಕಡಿಮೆ ವೇಗದಲ್ಲೇ ಕಲಕಿತು, ಎಳೆತ ಇಳಿದೇಬಿಟ್ಟಿತು. ಒರಟು ಮಾಡಿದರೆ ಎಳೆತ ಕಡಿಮೆ! ಗಾಲ್ಫ್ ಚೆಂಡಿನ ಗುಳಿಗಳ ಗುಟ್ಟು ಇದೇ.

ಜಾವಗಲ್ ಎಂದ ಕೂಡಲೇ ನೆನಪಾಗುವ ಶ್ರೀನಾಥ್ ಟೆಸ್ಟ್‌ಗಳಲ್ಲಿ 236 ವಿಕೆಟ್ ತೆಗೆದವರು. ಅಂಥ ವೇಗದ ಬೌಲರ್‌ಗಳ ಕೈಯಲ್ಲಿ ಚೆಂಡಿನ ಹೊಲಿಗೆ ಮಾಡುವ ಕೆಲಸವೂ ಈ ತಂತಿಯದೇ. ಹೊಲಿಗೆಯನ್ನು ಓರೆಯಾಗಿ ಹಿಡಿದು ಎಸೆದರೆ ಒಂದು ಪಕ್ಕದ ಪದರ ಮಾತ್ರ ಕಲಕಿ ಹೆಚ್ಚು ದೂರ ಅಂಟಿಕೊಳ್ಳುತ್ತದೆ. ಎರಡು ಪಕ್ಕದ ಹರಿವು ಬೇರೆ ಬೇರೆ ಜಾಗದಲ್ಲಿ ಮೈ ಬಿಡುವುದರಿಂದ ಚೆಂಡು ಪಕ್ಕಕ್ಕೆ ಸರಿಯುತ್ತದೆ. ನಾವು ಸ್ವಿಂಗ್ ಎನ್ನುವುದು ಇದನ್ನೇ.

ಶಿಷ್ಯರು, ಸುಳಿಗಳು, ಹಾಯಿಯಿಲ್ಲದ ಹಡಗು

ಪ್ರಾಂಟಲ್ ಒಳ್ಳೆಯ ಮಾತುಗಾರರಲ್ಲ, ಲೋಕವ್ಯವಹಾರ ಅಷ್ಟಾಗಿ ತಿಳಿಯದವರು. ಮದುವೆಯ ವಿಷಯದಲ್ಲಿ ಅವರ ಶಿಷ್ಯ ಕಾರ್ಮಾನ್ ಹೇಳಿದ ಒಂದು ಕಥೆಯಿದೆ. ಮಗಳನ್ನು ಕೊಡಿ ಎಂದು ಗುರು ಫೋಪಲ್ ಅವರ ಮನೆಗೆ ಕಾಗದ ಬರೆದ ಪ್ರಾಂಟಲ್, ಯಾವ ಮಗಳು ಎಂದು ಬರೆಯುವುದನ್ನೇ ಮರೆತಿದ್ದರಂತೆ! ಕಾರ್ಮಾನ್ ಸ್ವಾರಸ್ಯವಾಗಿ ಕಥೆ ಹೇಳುವವರು, ಹಾಗಾಗಿ ಇದನ್ನು ಕಥೆಯಾಗಿಯೇ ಕೇಳಿ. 1909ರಲ್ಲಿ ಗೆರ್ಟ್ರೂಡ್ ಫೋಪಲ್ ಜೊತೆ ಮದುವೆಯಾದದ್ದು, ಇಬ್ಬರು ಹೆಣ್ಣುಮಕ್ಕಳಾದದ್ದು ಮಾತ್ರ ನಿಜ.

ಅದೇ ಕಾರ್ಮಾನ್ 1911ರಲ್ಲಿ ಇನ್ನೊಂದು ಗುಟ್ಟು ಕಂಡುಕೊಂಡರು. ಪ್ರಾಂಟಲ್ ಅವರ ಇನ್ನೊಬ್ಬ ಶಿಷ್ಯ ಹೀಮೆಂಟ್ಸ್ ನೀರಿನಲ್ಲಿ ಕಂಬ ಇಟ್ಟು ಅಳೆಯಲು ಹೊರಟಿದ್ದರು. ಹರಿವು ಮಾತ್ರ ಸ್ಥಿರವಾಗಿ ನಿಲ್ಲುತ್ತಲೇ ಇರಲಿಲ್ಲ. ಕಂಬ ಸರಿಯಾಗಿ ಗುಂಡಗಿಲ್ಲ, ತೊಟ್ಟಿ ನೆಟ್ಟಗಿಲ್ಲ ಎಂದು ಎಷ್ಟು ತಿದ್ದಿದರೂ ಅಷ್ಟೇ. ತಪ್ಪು ಕಂಬದ್ದಲ್ಲ ಎಂದು ಕಾರ್ಮಾನ್ ಲೆಕ್ಕ ಮಾಡಿ ತೋರಿಸಿದರು. ಮೊಂಡು ವಸ್ತುವಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಸರದಿಯಲ್ಲಿ ಕಳಚಿಕೊಳ್ಳುವುದು ಹರಿವಿನ ಸ್ವಭಾವವೇ. ಗಾಳಿಗೆ ತಂತಿ ಗುಯ್ಯೆನ್ನುವುದಕ್ಕೂ ಇದೇ ಕಾರಣ.

1924ರಲ್ಲಿ ಆಂಟನ್ ಫ್ಲೆಟ್ನರ್ ಎಂಬವರು ಬುಕಾವ್ ಎಂಬ ಹಡಗಿಗೆ ಹಾಯಿಯ ಬದಲು ಎರಡು ಎತ್ತರದ ತಿರುಗುವ ಕಂಬಗಳನ್ನು ನಿಲ್ಲಿಸಿದರು. ಅದರ ಹಿಂದೆ ಗ್ಯೋಟಿಂಗೆನ್‌ನ ಪ್ರಯೋಗಗಳಿದ್ದವು. ಕಂಬ ತಿರುಗಿದರೆ ಅದರ ಮೈ ಗಾಳಿಯ ಜೊತೆಯಲ್ಲೇ ಸಾಗುತ್ತದೆ, ಆ ಪಕ್ಕದಲ್ಲಿ ಪದರ ಸುಸ್ತಾಗುವುದಿಲ್ಲ, ಹರಿವು ತಿರುಗಿ ಹಡಗನ್ನು ತಳ್ಳುತ್ತದೆ. 1926ರಲ್ಲಿ ಆ ಹಡಗು ಅಟ್ಲಾಂಟಿಕ್ ದಾಟಿತು. ಆದರೆ ಆಗಿನ ಅಗ್ಗದ ಇಂಧನದ ಮುಂದೆ ಅದು ಲಾಭಕ್ಕೆ ನಿಲ್ಲಲಿಲ್ಲ. ಹರಿವನ್ನು ತಿದ್ದುವುದು ಸಾಧ್ಯ, ಆದರೆ ಅದಕ್ಕೆ ತಗಲುವ ಖರ್ಚನ್ನೂ ಲೆಕ್ಕ ಹಾಕಬೇಕು ಎಂಬ ಪಾಠ ಇಲ್ಲಿದೆ.

ಕಾಣದೇ ಹೋದದ್ದು

ಪ್ರಾಂಟಲ್ ಬದುಕಿನ ಈ ಭಾಗವನ್ನು ಬಿಟ್ಟು ಹೊಗಳುವುದು ಸರಿಯಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಗ್ಯೋಟಿಂಗೆನ್‌ನಿಂದ ಯಹೂದಿ ಪ್ರಾಧ್ಯಾಪಕರನ್ನು ಹೊರಹಾಕಲಾಯಿತು. ಪ್ರಾಂಟಲ್ ನಾಜಿ ಪಕ್ಷದ ಸದಸ್ಯರಾಗಲಿಲ್ಲ. ಭೌತವಿಜ್ಞಾನಿ ಹೈಸೆನ್‌ಬರ್ಗ್ ಮೇಲೆ ನಾಜಿ ಪತ್ರಿಕೆ ದಾಳಿ ಮಾಡಿದಾಗ ಅವರ ಪರವಾಗಿ 1938ರಲ್ಲಿ ಹಿಮ್ಲರ್‌ಗೇ ಬರೆದರು. ಆದರೆ ಅದೇ ಸರ್ಕಾರದ ವಾಯು ಸಚಿವಾಲಯದ ಹಣದಿಂದ ಅವರ ಸಂಸ್ಥೆ ಬೆಳೆಯಿತು, ಯುದ್ಧಕಾಲದ ಸಂಶೋಧನೆಯ ಮುಂದಾಳತ್ವದಲ್ಲೂ ಅವರಿದ್ದರು. ಇಂಗ್ಲೆಂಡಿನ ಗೆಳೆಯ, ವಿಜ್ಞಾನಿ ಜಿ. ಐ. ಟೇಲರ್‌ಗೆ ಬರೆದ ಪತ್ರಗಳಲ್ಲಿ ತಮ್ಮ ಸರ್ಕಾರವನ್ನು ಸಮರ್ಥಿಸಿಕೊಂಡರು.

ಮಿಲಿಮೀಟರ್ ದಪ್ಪದ ಪದರದಲ್ಲಿ ನಡೆಯುವುದನ್ನು ಕಂಡ ಕಣ್ಣು, ಬೀದಿಯಲ್ಲಿ ನಡೆಯುತ್ತಿದ್ದ ಅನ್ಯಾಯವನ್ನು ಕಾಣಲಿಲ್ಲ ಅಥವಾ ಕಂಡೂ ಸುಮ್ಮನಾಯಿತು. ದೊಡ್ಡ ವಿಜ್ಞಾನಿ ಹೇಳಿದ್ದೆಲ್ಲ ಸರಿ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಐಫೆಲ್ ಅಂಕಿ ತಪ್ಪು ಎಂದವರೂ ದೊಡ್ಡವರೇ ಆಗಿದ್ದರು.

1953ರ ಆಗಸ್ಟ್ 15ರಂದು ಗ್ಯೋಟಿಂಗೆನ್‌ನಲ್ಲಿ ಪ್ರಾಂಟಲ್ ತೀರಿಕೊಂಡರು. ನೊಬೆಲ್ ಬಹುಮಾನ ಅವರಿಗೆ ಕೊನೆಗೂ ಬರಲಿಲ್ಲ.

ಗ್ಯೋಟಿಂಗೆನ್‌ನಿಂದ ಬೆಂಗಳೂರಿಗೆ

ಅಷ್ಟರಲ್ಲಿ ಅವರ ವಿದ್ಯೆ ನಮ್ಮ ರಾಜ್ಯಕ್ಕೆ ಬಂದಾಗಿತ್ತು. ಕೊಲ್ಹಾಪುರ ಕಡೆಯ ವಿಷ್ಣು ಮಾಧವ ಘಾಟಗೆ ಗ್ಯೋಟಿಂಗೆನ್‌ಗೆ ಹೋಗಿ ಪ್ರಾಂಟಲ್ ಅವರ ಬಳಿಯೇ 1936ರಲ್ಲಿ ಡಾಕ್ಟರೇಟ್ ಪಡೆದರು. 1940ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸೇರಿದರು. 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟಿದವರೂ ಅವರೇ. ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು.

ಪ್ರಾಂಟಲ್ ಅವರ ಪಾಠಗಳನ್ನು ಪುಸ್ತಕವಾಗಿ ಬರೆದ ಶಿಷ್ಯ ಟೀಟ್ಯೆನ್ಸ್ ಕೂಡ ಮುಂದೆ ಅದೇ ವಿಭಾಗದಲ್ಲಿ ಕಲಿಸಿದರು. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ, ಕಾರ್ಮಾನ್ ಕಟ್ಟಿದ ಶಾಲೆಯಲ್ಲಿ ಕಲಿತ ಸತೀಶ್ ಧವನ್ 1951ರಲ್ಲಿ ಬಂದರು. ಧವನ್ ಅವರ ಶಿಷ್ಯರಾಗಿ ಬೆಂಗಳೂರಿನ ರೊದ್ದಂ ನರಸಿಂಹ ಬೆಳೆದರು. ಶಾಂತವಾದ ಗಡಿಪದರ ಯಾವಾಗ, ಹೇಗೆ ಕಲಕುತ್ತದೆ ಎಂಬುದು ಅವರ ಜೀವಮಾನದ ವಿಷಯಗಳಲ್ಲೊಂದು. ತಂತಿ ಸುತ್ತಿದ ಗೋಲದ ಪ್ರಶ್ನೆಯೇ ಅದು!

ಸುರಂಗವಿಲ್ಲದೆ ಸುರಂಗ: ಕಂಪ್ಯೂಟರ್ ಸಿಮ್ಯುಲೇಶನ್

ಗಾಳಿ ಸುರಂಗ ಕಟ್ಟಲು ಹಣ ಬೇಕು, ಪ್ರತಿ ಸಲ ಹೊಸ ಮಾದರಿ ಬೇಕು. ಅದರ ಬದಲು ಲೆಕ್ಕದಲ್ಲೇ ಹರಿವನ್ನು ನಡೆಸಿದರೆ? ಅದೇ ಸಿಮ್ಯುಲೇಶನ್. ವಸ್ತುವಿನ ಸುತ್ತಲಿನ ಗಾಳಿಯನ್ನು ಲಕ್ಷಾಂತರ, ಕೋಟ್ಯಂತರ ಸಣ್ಣ ಕೋಣೆಗಳಾಗಿ ವಿಂಗಡಿಸುತ್ತಾರೆ. ಒಂದೊಂದು ಕೋಣೆಯಲ್ಲೂ ವೇಗ ಎಷ್ಟು, ಒತ್ತಡ ಎಷ್ಟು ಎಂದು ಲೆಕ್ಕ ಹಾಕಿ, ಸಮಯವನ್ನು ಚೂರು ಚೂರೇ ಮುಂದೆ ಸರಿಸುತ್ತಾರೆ.

ಪ್ರಾಂಟಲ್ ತೀರಿಕೊಂಡ 1953ರಲ್ಲೇ ಜಪಾನಿನ ಕವಾಗುಟಿ ಎಂಬವರು ಕಂಬದ ಸುತ್ತಲಿನ ನಿಧಾನ ಹರಿವಿನ ಲೆಕ್ಕವೊಂದನ್ನು ಪ್ರಕಟಿಸಿದರು. ಮೇಜಿನ ಮೇಲೆ ಇಡುವ ಯಾಂತ್ರಿಕ ಕ್ಯಾಲ್ಕುಲೇಟರ್‌ನಲ್ಲಿ ವಾರಕ್ಕೆ 20 ಗಂಟೆಯಂತೆ ಒಂದೂವರೆ ವರ್ಷ ಕೂತು ಮಾಡಿದ ಲೆಕ್ಕ ಅದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದಾಗ, 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕೆಲಸ ಶುರುವಾಯಿತು. ಹಲವು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಭಾರತದ ಮೊದಲ ಪ್ರಯತ್ನ ಅದು. ಹೆಸರೇ ಹೇಳುವಂತೆ ಅದನ್ನು ಕಟ್ಟಿದ್ದು ಹರಿವಿನ ಲೆಕ್ಕ ಬಿಡಿಸುವುದಕ್ಕೆ.

ಇವತ್ತಿಗೂ ಸಿಮ್ಯುಲೇಶನ್ ಮಾಡುವವರ ತಲೆನೋವು ಪ್ರಾಂಟಲ್ ಕಂಡ ಆ ತೆಳು ಪದರವೇ. ಮೈ ಹತ್ತಿರ ಕೋಣೆಗಳು ಅತಿ ತೆಳುವಾಗಿರಬೇಕು. ಅಲ್ಲಿ ಜಿಪುಣತನ ಮಾಡಿದರೆ ಹರಿವು ಎಲ್ಲಿ ಮೈ ಬಿಡುತ್ತದೆ ಎಂಬುದೇ ತಪ್ಪುತ್ತದೆ, ಎಳೆತದ ಅಂಕಿಯೂ ತಪ್ಪುತ್ತದೆ. ಆದ್ದರಿಂದ ಬಣ್ಣಬಣ್ಣದ ಚಿತ್ರ ಬಂದ ಮಾತ್ರಕ್ಕೆ ಅದನ್ನು ನಂಬುವುದಿಲ್ಲ, ಸುರಂಗದ ಅಳತೆಯ ಜೊತೆ ಹೋಲಿಸಿ ನೋಡುತ್ತಾರೆ.

2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಂಬದ ಎರಡು ಪಕ್ಕದಲ್ಲೂ ಸಣ್ಣ ರಂಧ್ರ ಇಟ್ಟು, ಯಾವಾಗ ಊದಬೇಕು, ಯಾವಾಗ ಹೀರಬೇಕು ಎಂಬುದನ್ನು ಕೃತಕ ಬುದ್ಧಿಮತ್ತೆಗೇ ಕಲಿಯಲು ಬಿಟ್ಟರು. ತಪ್ಪು ಮಾಡುತ್ತಾ ಮಾಡುತ್ತಾ ಅದು ಕಲಿತ ವಿದ್ಯೆಯಿಂದ ಎಳೆತ ಸುಮಾರು ಶೇಕಡಾ 8ರಷ್ಟು ಇಳಿಯಿತು. 1904ರಲ್ಲಿ ಕೈಚಕ್ರ ತಿರುಗಿಸಿ ಮಾಡಿದ ಪ್ರಯೋಗದ ಮೊಮ್ಮಗು ಇದು. ಆದರೆ ನೆನಪಿಡಿ, ಇದು ಕಂಪ್ಯೂಟರಿನೊಳಗಿನ ನಿಧಾನ ಹರಿವಿನ ಕಂಬ, ರಸ್ತೆಯ ಮೇಲಿನ ಬಸ್ಸಲ್ಲ.

ಫಾರ್ವರ್ಡ್ ಮಾಡುವ ಮುನ್ನ: ನಂಬಿಕೆ ಮತ್ತು ನಿಜ

ನಂಬಿಕೆ: ವಾಹನದ ಮೂತಿ ಚೂಪಾಗಿದ್ದರೆ ಸಾಕು, ಗಾಳಿ ಸೀಳಿಕೊಂಡು ಹೋಗುತ್ತದೆ.
ನಿಜ: ಮುಂಭಾಗದ ಅಂಚುಗಳು ದುಂಡಗಿದ್ದರೆ ಬಹುಪಾಲು ಕೆಲಸ ಮುಗಿಯಿತು. ಆಮೇಲೆ ಮುಖ್ಯವಾಗುವುದು ಬೆನ್ನು. 1984ರಲ್ಲಿ ಜರ್ಮನಿಯಲ್ಲಿ ಅಹ್ಮದ್ ಮತ್ತು ಸಂಗಡಿಗರು ಒಂದು ಮೀಟರ್‌ಗಿಂತ ಸ್ವಲ್ಪ ಉದ್ದದ, ಕಾರಿನಂಥ ಸರಳ ಮಾದರಿ ಇಟ್ಟು, ಹಿಂಭಾಗದ ಇಳಿಜಾರನ್ನು ಮಾತ್ರ ಬದಲಿಸುತ್ತಾ ಹೋದರು. ಇಳಿಜಾರು 30 ಡಿಗ್ರಿ ಮುಟ್ಟುವವರೆಗೆ ಎಳೆತ ಏರಿ, ಅದನ್ನು ದಾಟುತ್ತಲೇ ಥಟ್ಟನೆ ಇಳಿಯಿತು. ಮುಂಭಾಗವನ್ನು ಮುಟ್ಟಿಯೇ ಇರಲಿಲ್ಲ.

ನಂಬಿಕೆ: ಗಾಲ್ಫ್ ಚೆಂಡಿನಂತೆ ಮೈತುಂಬ ಗುಳಿ ಮಾಡಿದರೆ ಬಸ್ಸು, ಲಾರಿಗೂ ಲಾಭ.
ನಿಜ: ಗುಳಿಯ ಕೆಲಸ ಶಾಂತ ಪದರವನ್ನು ಕಲಕುವುದು. ರಸ್ತೆಯಲ್ಲಿ ಓಡುವ ದೊಡ್ಡ ವಾಹನದ ಮೇಲೆ ಪದರ ಹೇಗೂ ಕಲಕಿಯೇ ಇರುತ್ತದೆ. ಅಲ್ಲದೆ ಪೆಟ್ಟಿಗೆಯಂಥ ಬಸ್ಸಿನಲ್ಲಿ ಹರಿವು ಮೈ ಬಿಡುವುದು ಹಿಂದಿನ ಚೂಪು ಅಂಚಿನಲ್ಲಿ. ಗುಳಿ ಮಾಡಿದರೂ ಅಂಚು ಅಲ್ಲೇ ಇರುತ್ತದೆ.

ನಂಬಿಕೆ: ಗಾಳಿ ಊದುವ ಅಥವಾ ಹೀರುವ ಸಾಧನ ಹಾಕಿಸಿದರೆ ಡೀಸೆಲ್ ಉಳಿತಾಯ ಗ್ಯಾರಂಟಿ.
ನಿಜ: ತತ್ವ ಸರಿ, ಪ್ರಾಂಟಲ್ ತೋರಿಸಿದ್ದೇ ಅದು. ಆದರೆ ಊದಲು, ಹೀರಲು ಪಂಪ್ ಬೇಕು, ಪಂಪಿಗೆ ಶಕ್ತಿ ಬೇಕು. ಉಳಿದದ್ದರಲ್ಲಿ ಖರ್ಚಾದದ್ದನ್ನು ಕಳೆದರೆ ಸಿಗುವುದು ನಿಜವಾದ ಲಾಭ. ನಮ್ಮ ಧೂಳಿನ ರಸ್ತೆಯಲ್ಲಿ ಸಣ್ಣ ಸೀಳುಗಳು ಎಷ್ಟು ದಿನ ಕಟ್ಟಿಕೊಳ್ಳದೆ ಇರುತ್ತವೆ ಎಂಬುದನ್ನೂ ಕೇಳಬೇಕು.

ಇಂಥ ಯಾವುದೇ ಸಂದೇಶ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಐಫೆಲ್ ಕಲಿಸಿದ್ದು: ಯಾವ ವೇಗದಲ್ಲಿ?

ಒಂದು ಲೆಕ್ಕ ನೋಡಿ. ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಎತ್ತರದ ಬಸ್ಸು, ಎಳೆತದ ಗುಣಾಂಕ 0.6 ಎಂದುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಳಿಯ ಎಳೆತ ಸುಮಾರು 120 ಕೆಜಿ ಭಾರಕ್ಕೆ ಸಮ. ಅದನ್ನು ಗೆಲ್ಲಲು 35 ಅಶ್ವಶಕ್ತಿಯ ಆಸುಪಾಸು ಬೇಕು. 40 ಕಿಲೋಮೀಟರ್ ವೇಗದಲ್ಲಿ ಎಳೆತ ಕಾಲು ಭಾಗ, ಸುಮಾರು 30 ಕೆಜಿ. ಬೇಕಾಗುವ ಶಕ್ತಿಯಾದರೋ ಎಂಟನೇ ಒಂದು ಭಾಗ, ನಾಲ್ಕೈದು ಅಶ್ವಶಕ್ತಿ ಸಾಕು. ಹೀಗಿರುವಾಗ ಊರೂರಿಗೆ ನಿಲ್ಲುತ್ತಾ, ಹಂಪ್‌ಗಳಲ್ಲಿ ಏರಿಳಿಯುತ್ತಾ ಹೋಗುವ ಬಸ್ಸಿಗೆ ಗಾಳಿ ತಿದ್ದುವ ದುಬಾರಿ ಸಾಧನದಿಂದ ಸಿಗುವುದು ಅತ್ಯಲ್ಪ. ದಿನವಿಡೀ ಹೆದ್ದಾರಿಯಲ್ಲಿ ಓಡುವ ಲಾರಿಯ ಲೆಕ್ಕ ಬೇರೆ. ಅದಕ್ಕೆ ಕ್ಯಾಬಿನ್ ಮೇಲಿನ ಇಳಿಜಾರು ಹಲಗೆಯಂಥ ಸರಳ ಉಪಾಯವೇ ಪ್ರಯೋಜನ ಕೊಡುತ್ತದೆ.

ಸಾಧನವೇ ಬೇಡದ ಉಪಾಯವೊಂದಿದೆ. 80ರಲ್ಲಿ ಓಡಿಸುವವರು 60ಕ್ಕೆ ಇಳಿಸಿದರೆ ಪ್ರತಿ ಕಿಲೋಮೀಟರಿಗೆ ಗಾಳಿಯ ವಿರುದ್ಧ ಮಾಡುವ ಕೆಲಸ ಶೇಕಡಾ 44ರಷ್ಟು ಕಡಿಮೆಯಾಗುತ್ತದೆ. ಬಸ್ಸಿನ ಹಿಂದೆಯೇ ಅಂಟಿಕೊಂಡು ಬೈಕ್ ಓಡಿಸಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಎಳೆತ ಕಡಿಮೆಯಾಗುವುದು ನಿಜ. ಆದರೆ ಬಸ್ಸು ಬ್ರೇಕ್ ಹಾಕಿದರೆ ಉಳಿಯುವುದು ಪೆಟ್ರೋಲ್ ಮಾತ್ರ, ಸವಾರ ಅಲ್ಲ. ದಯವಿಟ್ಟು ಆ ಪ್ರಯೋಗ ಬೇಡ.

ಮುಂದಿನ ಸಲ ಜಾವಗಲ್ ಬಸ್ ನಿಲ್ದಾಣದಲ್ಲಿ ಧೂಳು ಮೆತ್ತಿದ ಹಿಂದಿನ ಗಾಜು ಕಂಡರೆ, ಪಕ್ಕದಲ್ಲಿರುವ ಮಕ್ಕಳಿಗೆ ಇದು ಯಾಕೆ ಹೀಗೆ ಎಂದು ಕೇಳಿ ನೋಡಿ. ಹೊಟ್ಟು ಹೀರುವ ಕೊಳವೆಯ ಮುಂದೆ ನಿಂತು ಪ್ರಾಂಟಲ್ ಕೇಳಿಕೊಂಡದ್ದೂ ಅದೇ ಪ್ರಶ್ನೆ.